ಚಮರೀಮೃಗವೂ ಒಂಟಿ ಸೀನೂ

ಪ್ರತಿಯೊಬ್ಬರ ಮೈಗೂ ಒಂದಲ್ಲ ಒಂದು ಪದಾರ್ಥದ ಮೇಲೆ ಹಗೆ ಇದ್ದೇ ಇರುತ್ತದೆ. ನಮ್ಮ ಬೀದಿಯಲ್ಲೇ ಬದನೆಕಾಯಿ ತಿಂದರೆ ಸಂಜೆಯವರೆಗೂ ಮೈ ಕೆರೆದುಕೊಳ್ಳುವವರಿದ್ದಾರೆ, ಹಲಸಿನ ಹಣ್ಣು ಕೊಯ್ದ ಮನೆಯ ಮುಂದೆ ಹಾದುಹೋದರೂ ಹೊಟ್ಟೆ ಹಿಡಿದುಕೊಳ್ಳುವವರಿದ್ದಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ. 'ಪಾಪ, ಅವರಿಗೆ ಒಗ್ಗಲ್ಲ' ಎಂದು ಮರುಕಪಟ್ಟು ಬೇರೆ ಪಲ್ಯ ಮಾಡಿ ಬಡಿಸುತ್ತಾರೆ. ನನ್ನ ಮೈಗೆ ಒಗ್ಗದಿರುವುದು ಚಮರೀಮೃಗ. ಎಲ್ಲೋ ಹಿಮಾಲಯದ ಮಂಜಿನಲ್ಲಿ ಮೇಯ್ದುಕೊಂಡಿರುವ, ಮೈತುಂಬ ಕೂದಲು ಬಿಟ್ಟಿರುವ ಒಂದು ಜಾತಿಯ ದನ. ಅದನ್ನು ನಾನು ಕಣ್ಣಾರೆ ಕಂಡವನಲ್ಲ, ಅದೂ ನನ್ನನ್ನು ಕಂಡಿರಲಾರದು. ಕಾಕನಕೋಟೆಯವನೊಬ್ಬ ತನಗೆ ಆನೆ ಆಗುವುದಿಲ್ಲ ಎಂದರೆ, ಪಿರಿಯಾಪಟ್ಟಣದವನೊಬ್ಬ ತನಗೆ ಹೊಗೆಸೊಪ್ಪು ಆಗುವುದಿಲ್ಲ ಎಂದರೆ ಅದಕ್ಕೊಂದು ಅರ್ಥವಿದೆ. ಹೊಸ ಅಗ್ರಹಾರದ ಪಕ್ಕದ ಹಳ್ಳಿಯಲ್ಲಿ ಭತ್ತ, ರಾಗಿ ಬೆಳೆದುಕೊಂಡು, ಪ್ರೈಮರಿ ಸ್ಕೂಲಿನಲ್ಲಿ ಮಗ್ಗಿ ಹೇಳಿಕೊಡುವ ನನ್ನಂಥವನಿಗೆ ಹಿಮಾಲಯದ ದನದ ಜೊತೆ ಜಗಳ ಎಂದರೆ ನಂಬುವವರು ಯಾರು? ನಾನೇ ನಂಬಿರಲಿಲ್ಲ. ನಂಬುವುದಕ್ಕೆ ಮುಂಚೆ ನನ್ನ ಸಂಸಾರ ಮುರಿದುಬೀಳುವ ಹಂತಕ್ಕೆ ಬಂದಿತ್ತು.

ಅಷ್ಟು ದೂರದ ಪ್ರಾಣಿ ನಮ್ಮೂರಿಗೆ ಬಂದದ್ದು ಬಾಲದ ರೂಪದಲ್ಲಿ. ನಮ್ಮೂರ ರಾಮಮಂದಿರದಲ್ಲಿ ಶನಿವಾರದ ಭಜನೆ ಮುಗಿದು ಮಂಗಳಾರತಿ ಎತ್ತುವಾಗ ದೇವರ ಪಟದ ಪಕ್ಕದಲ್ಲಿ ನಿಂತು ಚಾಮರ ಬೀಸುವುದು ನಮ್ಮ ಮನೆಯವರ ಹಕ್ಕು. ಚಾಮರವೆಂದರೆ ಮತ್ತೇನಲ್ಲ, ಚಮರೀಮೃಗದ ಬಾಲದ ಬಿಳಿಯ ಕೂದಲಿಗೆ ಒಂದು ಬೆಳ್ಳಿಯ ಹಿಡಿ. ತಾತ ಅದನ್ನು ಮೈಸೂರಿನಿಂದ ತಂದು ಮಂದಿರಕ್ಕೆ ಒಪ್ಪಿಸಿದ್ದರಂತೆ. ತಾತ ಬೀಸಿದರು, ಅಪ್ಪ ಬೀಸಿದರು. ಅಪ್ಪನ ಮಂಡಿ ಹಿಡಿದುಕೊಂಡ ಮೇಲೆ ಅದು ನನ್ನ ಕೈಗೆ ಬಂತು. ನಾನು ಅದನ್ನು ಎತ್ತಿ ಎರಡು ಸಲ ಅತ್ತಿತ್ತ ಆಡಿಸುವಷ್ಟರಲ್ಲಿ ಮೂಗಿನೊಳಗೆ ಯಾರೋ ಬೆರಳಾಡಿಸಿದ ಹಾಗಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮಂದಿರ ನಡುಗುವಂತೆ ಒಂದು ಸೀನು ಬರುತ್ತಿತ್ತು. ಒಂದೇ ಒಂದು. ಅದೇ ಕೇಡಿಗೆ ಮೂಲ.

ಸೀನಿನ ಶಾಸ್ತ್ರ ನಿಮಗೂ ಗೊತ್ತಿರಬೇಕು. ಎರಡು ಸೀನಿದರೆ ಶುಭ, ಹಿಡಿದ ಕೆಲಸ ಮುಂದುವರಿಸಬಹುದು. ಒಂಟಿ ಸೀನು ಅಪಶಕುನ. ಹೊರಟವರು ಮತ್ತೆ ಕೂರಬೇಕು, ನೀರು ಕುಡಿಯಬೇಕು, ದೇವರನ್ನು ನೆನೆದು ಮತ್ತೆ ಏಳಬೇಕು. ನನ್ನ ಒಂಟಿ ಸೀನಿಗೆ ಮಂಗಳಾರತಿ ಅರ್ಧಕ್ಕೆ ನಿಲ್ಲುತ್ತಿತ್ತು. ಭಜನೆಯವರೆಲ್ಲ ತಾಳ ಕೆಳಗಿಟ್ಟು ಕೂರುತ್ತಿದ್ದರು, ಚೊಂಬು ಕೈಯಿಂದ ಕೈಗೆ ದಾಟುತ್ತಿತ್ತು, ಆಮೇಲೆ ಮೊದಲಿನಿಂದ ಶುರು. ದೊಡ್ಡವರು ಯಾರೂ ಚಾಮರವನ್ನು ಅನುಮಾನಿಸಲಿಲ್ಲ. ದೇವರ ಸಾಮಾನಿನಿಂದ ಕೆಟ್ಟದ್ದಾಗುವುದುಂಟೆ? 'ಮೇಷ್ಟ್ರಿಗೆ ಧೂಪದ ಹೊಗೆ ಆಗಾಕಿಲ್ಲ' ಎಂದು ತೀರ್ಮಾನಿಸಿ ನಾನು ನಿಲ್ಲುವ ಕಡೆ ಧೂಪ ಕಡಿಮೆ ಹಾಕಿದರು. ಸೀನು ಕಡಿಮೆಯಾಗಲಿಲ್ಲ. ವಾರಕ್ಕೊಂದು ಸೀನಲ್ಲವೇ ಎಂದು ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಹೀಗಿರುವಾಗ ನನಗೆ ಮದುವೆಯಾಯಿತು. ಹೆಣ್ಣು ಹೆಗ್ಗಡದೇವನಕೋಟೆಯ ಕಡೆಯವಳು, ಅಂತರಸಂತೆಯ ಹತ್ತಿರದ ಹಳ್ಳಿ, ಹೆಸರು ದೇವೀರಮ್ಮ. ಹೆಣ್ಣು ನೋಡಲು ಹೋದಾಗ ನನಗೆ ದೂರದಿಂದ ಕಂಡದ್ದು ಅವಳ ಕಾಲಿನ ಹೆಬ್ಬೆರಳು ಮಾತ್ರ. ಅದಕ್ಕಿಂತ ಮೇಲೆ ನೋಡುವ ಧೈರ್ಯ ನನಗಿರಲಿಲ್ಲ. ಉಳಿದದ್ದನ್ನೆಲ್ಲ ನೋಡಿದ್ದು ನಮ್ಮವ್ವ. ಅವ್ವನಿಗೆ ಸೊಸೆಯ ಬಣ್ಣದ ಚಿಂತೆಯಿರಲಿಲ್ಲ, ಒಡವೆಯ ಚಿಂತೆಯೂ ಅಷ್ಟಾಗಿ ಇರಲಿಲ್ಲ. 'ಜಡೆ ಸೊಂಟ ಮುಟ್ಬೇಕು' ಎಂಬುದೊಂದೇ ಹಟ. ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಮಾತಾಡಿಸುವ ನೆಪದಲ್ಲಿ ಜಡೆಯನ್ನು ಕೈಗೆ ತೆಗೆದುಕೊಂಡು, ಬುಡದಿಂದ ಕುಚ್ಚಿನ ತನಕ ಹಿಡಿಹಿಡಿಯಾಗಿ ನೋಡಿ, 'ಚೆಂದಾಗೈತೆ' ಎಂದು ಕೈಬಿಟ್ಟಿತು. ನನ್ನ ಮದುವೆ ಗೊತ್ತಾದದ್ದು ಆ ಒಂದು ಮಾತಿನ ಮೇಲೆ.

ಧಾರೆಯ ದಿನ ಸೀನಿದೆ. ಹೋಮದ ಹೊಗೆ ಎಂದರು. ಮನೆ ತುಂಬಿಸಿಕೊಳ್ಳುವಾಗ, ಅವಳು ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ತಳ್ಳುತ್ತಿದ್ದಂತೆ, ಪಕ್ಕದಲ್ಲಿ ನಿಂತಿದ್ದ ನಾನು ಮತ್ತೆ ಸೀನಿದೆ. ಒಂಟಿ. ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದ ಮುಂದೆ ಲೆಕ್ಕವೇ ಇಲ್ಲ. ಅವಳು ಊಟಕ್ಕೆ ಬಡಿಸಲು ಬಗ್ಗಿದರೆ ಸೀನು, ಕಾಫಿ ತಂದುಕೊಟ್ಟರೆ ಸೀನು, ದೀಪ ಹಚ್ಚಿ ನನ್ನ ಪಕ್ಕದಲ್ಲಿ ಹಾದುಹೋದರೆ ಸೀನು. ಹೊಸ ಹೆಂಡತಿಯ ಜೊತೆ ನಾಲ್ಕು ಮೆಲುಮಾತು ಆಡೋಣವೆಂದು ಹತ್ತಿರ ಸರಿದರೆ ಮಾತಿಗೆ ಮುಂಚೆ ಸೀನು ಬರುತ್ತಿತ್ತು. ಮೊದಮೊದಲು ಅವಳು ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು. ಆಮೇಲೆ ನನ್ನ ಹತ್ತಿರ ಬರುವುದನ್ನೇ ಕಡಿಮೆ ಮಾಡಿದಳು, ತಟ್ಟೆಯನ್ನು ದೂರದಿಂದ ನೂಕುತ್ತಿದ್ದಳು. ನನಗೆ ಅವಳ ಮೇಲೆ ಆಸೆ, ನನ್ನ ಮೂಗಿಗೆ ಅವಳ ಮೇಲೆ ದ್ವೇಷ.

ಅವ್ವ ಬಾಯಿಬಿಟ್ಟು ಹೇಳುವುದಕ್ಕೆ ಸ್ವಲ್ಪ ಕಾಲ ತೆಗೆದುಕೊಂಡಿತು. ಆ ಸಮಯಕ್ಕೆ ಸರಿಯಾಗಿ ನಮ್ಮ ಎಮ್ಮೆ ಒದೆಯಲು ಶುರುಮಾಡಿತು, ಕಣಜದ ರಾಗಿಗೆ ಹುಳು ಬಿತ್ತು. ಇವೆರಡೂ ಪ್ರತಿ ವರ್ಷ ಆಗುವ ಕೆಲಸಗಳೇ. ಆದರೆ ಆ ವರ್ಷ ಅವು ನನ್ನ ಸೀನಿನ ಜೊತೆ ಸೇರಿಕೊಂಡವು. 'ಲೇ ಮಗ, ಆ ಎಣ್ಣು ಎದುರಿಗೆ ಬಂದಾಗ್ಲೆಲ್ಲ ಒಂಟಿ ಸೀನು ಸೀನ್ತೀಯಲ್ಲ, ಇದೇನು ಸುಮ್ಕೆ ಬತ್ತದಾ? ದೇವ್ರೇ ನಿನ್ನ ಮೂಗಲ್ಲಿ ಕುಂತು ಏಳ್ತಾವ್ನೆ ಕಣ್ಲಾ, ಕಾಲ್ಗುಣ ಸರೀಗಿಲ್ಲ ಅಂತವ' ಎಂದಿತು. ನಾನು ಲೋವರ್ ಸೆಕೆಂಡರಿ ಪಾಸು ಮಾಡಿದವನು. ಸೀನು ಎಂಬುದು ಮೂಗಿನ ವ್ಯವಹಾರ, ದೇವರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವಾದಿಸಿದೆ. ವಾದದ ಮಧ್ಯದಲ್ಲಿ ದೇವೀರಮ್ಮ ನೀರಿನ ಬಿಂದಿಗೆ ಹೊತ್ತು ಒಳಗೆ ಬಂದಳು. ಸೀನಿದೆ. ವಾದ ಅಲ್ಲಿಗೆ ಮುಗಿಯಿತು.

ಅಂದಿನಿಂದ ನಾನು ಎರಡನೆಯ ಸೀನಿನ ಸಾಧನೆಗೆ ಕೂತೆ. ಒಂಟಿಯನ್ನು ಜೋಡಿ ಮಾಡಿಬಿಟ್ಟರೆ ಅಪಶಕುನ ಶುಭಶಕುನವಾಗುತ್ತದಲ್ಲ, ಅವಳ ಕಾಲ್ಗುಣದ ಮೇಲಿನ ಅಪವಾದವೂ ಹೋಗುತ್ತದಲ್ಲ ಎಂಬ ಲೆಕ್ಕಾಚಾರ. ಸೂರಿನಿಂದ ಒಂದು ಹುಲ್ಲುಕಡ್ಡಿ ಎಳೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಮೊದಲನೆಯದು ಬಂದ ತಕ್ಷಣ ಗೋಡೆಯ ಕಡೆ ತಿರುಗಿ ಕಡ್ಡಿಯನ್ನು ಮೂಗಿಗೆ ತೂರಿಸಿ ಎರಡನೆಯದನ್ನು ಹೊರಡಿಸುವುದು. ಕೆಲವು ದಿನ ನಡೆಯಿತು. ಒಂದು ದಿನ ಅವ್ವ ಕಡ್ಡಿ ನೋಡಿತು. 'ಕಡ್ಡಿ ಸೀನು ಲೆಕ್ಕಕ್ಕಿಲ್ಲ ಬುಡು' ಎಂದು ಅಲ್ಲಿಗೆ ಆ ಸಾಧನೆಯನ್ನೂ ತಳ್ಳಿಹಾಕಿತು. ಆಮೇಲೆ ಕಾರಣ ಹುಡುಕಲು ಹೊರಟೆ. ನಮ್ಮ ಹೆಡ್ ಮೇಷ್ಟ್ರು ನಸ್ಯ ಏರಿಸುವವರು. ಅವರ ಪಕ್ಕದ ಕುರ್ಚಿ ಬಿಟ್ಟು ಕಿಟಕಿಯ ಹತ್ತಿರ ಕೂತೆ. 'ಸೀನು ಬರಬೇಕು ಅಂತ ನಾನು ಹುಣಸೂರಿಂದ ತರಿಸ್ಕೊಂಡು ಏರಿಸ್ತೀನಿ, ಪುಕ್ಕಟೆ ಬಂದರೆ ಅಳ್ತೀರಲ್ಲ' ಎಂದು ಅವರು ಬೇಜಾರು ಮಾಡಿಕೊಂಡರು. ದೇವೀರಮ್ಮ ಮಲ್ಲಿಗೆ ಮುಡಿಯುವುದನ್ನು ಬಿಡಿಸಿದೆ, ಸೀನು ನಿಲ್ಲಲಿಲ್ಲ. ಹರಳೆಣ್ಣೆ ಬಿಡಿಸಿ ಕೊಬ್ಬರಿ ಎಣ್ಣೆ ತಂದೆ, ನಿಲ್ಲಲಿಲ್ಲ. ಸೀಗೆಪುಡಿ ಬದಲಾಯಿಸಿದೆ. ಅವಳು ಹೂವಿಲ್ಲದ ತಲೆಯಲ್ಲಿ ಓಡಾಡಿದ್ದೇ ಬಂತು.

ಅಷ್ಟರಲ್ಲಿ ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ತವರಿಗೆ ಹೋಗುವುದು ಎಲ್ಲರ ಮನೆಯ ಪದ್ಧತಿ. ಮಾವನವರು ಬಂದು ಕರೆದುಕೊಂಡು ಹೋದರು. ಗಾಡಿ ಹತ್ತುವಾಗ ಅವಳು ನನ್ನನ್ನು ನೋಡಿದ ರೀತಿಯಿಂದ ಅವಳಿಗೆ ಎಲ್ಲ ಗೊತ್ತಿದೆ ಎಂದು ತಿಳಿಯಿತು. ಒಂದು ಮಾತು ಹೇಳೋಣವೆಂದು ಗಾಡಿಯ ಹತ್ತಿರ ಹೋದೆ, ಸೀನಿದೆ, ಗಾಡಿ ಹೊರಟಿತು. ಅದಾದ ಮೇಲೆ ನಮ್ಮ ಮನೆಯಲ್ಲಿ ಸೀನಿನ ಸದ್ದೇ ಇಲ್ಲ. ಮೂಗು ಬೇಸಿಗೆಯ ಕಾಲುವೆಯಂತೆ ಒಣಗಿ ನಿರುಮ್ಮಳವಾಗಿತ್ತು. 'ಎಣ್ಣು ಓಯ್ತು, ಸೀನೂ ಓಯ್ತು' ಎಂದಿತು ಅವ್ವ. 'ಶ್ರಾವಣಕ್ಕೆ ಕರ್ಕೊಂಡು ಬರಾಕೆ ಯಾರೂ ಓಗ್ಬೇಡಿ. ಅಲ್ಲೇ ಇರ್ಲಿ, ಆಮೇಲೆ ನೋಡಾನ.' ಆಮೇಲೆ ನೋಡುವುದು ಎಂದರೆ ಏನೆಂದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಪ್ಪ ಮಂಡಿ ಸವರಿಕೊಳ್ಳುತ್ತ ಕೂತರು. ನನಗೆ ರೋಷ ಬಂತು. ಶ್ರಾವಣ ಹುಟ್ಟುವುದರೊಳಗೆ ಈ ಸೀನಿನ ಬುಡ ಹಿಡಿಯದಿದ್ದರೆ ನಾನು ಮೇಷ್ಟ್ರೇ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಶನಿವಾರ ಮಂದಿರದಲ್ಲಿ ಚಾಮರ ಎತ್ತಿದೆ. ಸೀನು ಬಂತು. ಭಜನೆಯವರು ನೀರಿನ ಚೊಂಬಿಗೆ ಕೈಹಾಕಿದರು, ನಾನು ಮಾತ್ರ ಸಂತೋಷದಿಂದ ಬೆಪ್ಪಾಗಿ ನಿಂತೆ. ದೇವೀರಮ್ಮ ಅಂತರಸಂತೆಯಲ್ಲಿದ್ದಾಳೆ, ಸೀನು ಇಲ್ಲಿ ಬಂದಿದೆ. ಅಂದರೆ ಕಾಲ್ಗುಣದ ಮಾತು ಸುಳ್ಳು. ಮಾರನೆಯ ದಿನ ಕೃಷ್ಣರಾಜನಗರದ ಡಿಸ್ಪೆನ್ಸರಿಗೆ ಹೋಗಿ ಡಾಕ್ಟರನ್ನು ಕಂಡೆ. ಅವರು ಮೂಗಿನೊಳಗೆ ಟಾರ್ಚು ಬಿಟ್ಟು ನೋಡಿ, 'ಕೆಲವರಿಗೆ ಕೆಲವು ವಸ್ತು ಒಗ್ಗೋದಿಲ್ಲ ಮೇಷ್ಟ್ರೇ. ಯಾವುದು ಅಂತ ಹಿಡೀಬೇಕು, ಹಿಡಿದ ಮೇಲೆ ಅದರಿಂದ ದೂರ ಇರಬೇಕು. ದೂರ ಇರೋದಕ್ಕೆ ಔಷಧಿ ನನ್ನ ಹತ್ತಿರ ಇಲ್ಲ' ಎಂದರು. ಹಿಡಿಯುವುದು ಎಷ್ಟು ಹೊತ್ತಿನ ಕೆಲಸ? ಮಂದಿರದ ಬೀಗದ ಕೈ ಇಸಿದುಕೊಂಡು, ಯಾರೂ ಇಲ್ಲದ ಮಧ್ಯಾಹ್ನ ಒಳಗೆ ಹೋಗಿ, ಮೊದಲು ಧೂಪ ಹಾಕಿ ಅದರ ಮೇಲೆ ಮುಖವಿಟ್ಟು ಕೂತೆ. ಕೆಮ್ಮು ಬಂತು, ಸೀನು ಬರಲಿಲ್ಲ. ಹೂವಿನ ಬುಟ್ಟಿಗೆ ಮೂಗಿಟ್ಟೆ, ಬರಲಿಲ್ಲ. ಕರ್ಪೂರ, ಕುಂಕುಮ, ಗಂಧ ಎಲ್ಲ ಮೂಸಿದೆ. ಕೊನೆಗೆ, ತಪ್ಪಾಯಿತು ರಾಮಾ ಎಂದು ಕೈಮುಗಿದು, ಚಾಮರವನ್ನು ಮುಖಕ್ಕೆ ಹಿಡಿದೆ. ಆ ಸೀನಿಗೆ ಮಂದಿರದ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಚಮರೀಮೃಗ ಸಿಕ್ಕಿಬಿತ್ತು ಸರಿ. ಆದರೆ ಅದಕ್ಕೂ ನನ್ನ ಹೆಂಡತಿಗೂ ಎಲ್ಲಿಂದೆಲ್ಲಿಯ ನಂಟು? ಕಾಡಂಚಿನ ಊರು, ಯಾವುದಾದರೂ ಪ್ರಾಣಿಯ ಚರ್ಮವೋ ಕೂದಲೋ ಅವಳ ಬಟ್ಟೆಯ ಪೆಟ್ಟಿಗೆಗೆ ಸೇರಿದೆಯೇನೋ ಎಂದುಕೊಂಡು ಹುಣಸೂರಿನ ಮೇಲೆ ಬಸ್ಸು ಹಿಡಿದು ಹೆಗ್ಗಡದೇವನಕೋಟೆಗೆ ಹೋಗಿ, ಅಲ್ಲಿಂದ ಒಂದು ಗಾಡಿ ಹಿಡಿದು ಮಾವನ ಊರು ತಲುಪಿದೆ. ಆಷಾಢದಲ್ಲಿ ಅತ್ತೆ, ಅಳಿಯ ಒಂದೇ ಹೊಸಿಲು ದಾಟಬಾರದು. ಆದ್ದರಿಂದ ನಾನು ಜಗಲಿಯ ಮೇಲೆಯೇ ಕೂತೆ, ಅತ್ತೆ ಬಾಗಿಲ ಸಂದಿನಿಂದಲೇ ಮಾತಾಡಿಸಿದರು. ಮಾವ ಖೆಡ್ಡಾ ಆದಾಗಲೆಲ್ಲ ಕಾಕನಕೋಟೆಗೆ ಹೋಗಿ ಆನೆಗಳ ಹಿಂದೆ ತಮಟೆ ಬಡಿದು ಬಂದವರು. ನನ್ನ ಕಥೆಯನ್ನೆಲ್ಲ ಕೇಳಿ, 'ಆನೆ ಲದ್ದಿ ತುಳ್ಕೊಂಡೇ ಬೆಳ್ದೋರು ನಾವು, ಒಂದಿನ ಸೀನಿಲ್ಲ. ನೀವೇನು ಬಾಲಕ್ಕೆಲ್ಲ ಸೀನ್ತೀರಿ ಅಳಿಯಂದ್ರೇ' ಎಂದು ತಲೆ ಅಲ್ಲಾಡಿಸಿದರು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ದೇವೀರಮ್ಮ ಬಂದಳು. ನಾನು ಬಂದಿರುವುದು ಅವಳಿಗೆ ಗೊತ್ತಿರಲಿಲ್ಲ. ಎಣ್ಣೆನೀರು ಹಾಕಿಕೊಂಡು, ತಲೆ ಆರಿಸಿಕೊಳ್ಳುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳು ನನ್ನನ್ನು ಕಂಡು ನಿಂತುಬಿಟ್ಟಳು. ಅವಳ ಕೂದಲು ಭುಜ ಮುಟ್ಟಿ ಅಲ್ಲಿಗೇ ನಿಂತಿತ್ತು. ಎಷ್ಟು ತೆಳುವಾಗಿತ್ತೆಂದರೆ ಹಿಂದಿನ ಗೋಡೆಯ ಬಿಸಿಲು ಅದರೊಳಗಿಂದ ಕಾಣುತ್ತಿತ್ತು. ಅವಳು ಹತ್ತಿರದಲ್ಲೇ ನಿಂತಿದ್ದಳು, ಗಾಳಿ ಅವಳ ಕಡೆಯಿಂದಲೇ ಬೀಸುತ್ತಿತ್ತು. ನಾನು ಕಾದೆ. ಏನೂ ಇಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ಹೆಂಡತಿಯ ಮುಖವನ್ನು ಕಣ್ಣಲ್ಲಿ ನೀರಿಲ್ಲದೆ ನೋಡಿದೆ. ಚೆನ್ನಾಗಿದ್ದಳು. ಒಳಗಿನಿಂದ ಅತ್ತೆ, 'ಅಯ್ಯೋ, ಇಂಗೇ ಬಂದ್ಬುಟ್ಯಾ, ಒಳೀಕೆ ಬಾರವ್ವ' ಎಂದು ಕೈ ಹಿಡಿದು ಎಳೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅವಳು ಸೊಂಟ ಮುಟ್ಟುವ ಜಡೆ ಹಾಕಿಕೊಂಡು ಕಾಫಿ ತಂದಳು. ಲೋಟ ನನ್ನ ಕೈಗೆ ಬರುವುದಕ್ಕೆ ಮುಂಚೆ ಸೀನಿದೆ, ಅರ್ಧ ಕಾಫಿ ಜಗಲಿಯ ಪಾಲಾಯಿತು.

'ಅಮ್ಮಿ, ಆ ಜಡೆಯಾಗಿರೋದು ಏನು?' ಎಂದು ಮೆಲ್ಲಗೆ ಕೇಳಿದೆ. ಅವಳ ಕಣ್ಣು ತುಂಬಿತು. 'ಚೌರಿ. ಬಳೇಗಾರಪ್ಪ ಕೊಟ್ಟಿದ್ದು. ಅಸಲಿ ಚಮರೀ ಬಾಲದ್ದು ಅಂತಾನೆ ಕೊಟ್ಟ. ಅತ್ತೆಮ್ಮಂಗೆ ಸೊಂಟದುದ್ದ ಜಡೆ ಬೇಕು ಅಂತ ಏಳ್ ಕಳ್ಸಿದ್ರಲ್ಲ, ಅದ್ಕೇ ಕಟ್ಟಿದ್ರು. ನೀವು ಏಳ್ಬುಟ್ರೆ ನನ್ನ ಇಲ್ಲೇ ಬುಟ್ಬುಡ್ತಾರೆ' ಎಂದಳು. ಬಿಳಿಯದು ದೇವರ ಪಕ್ಕದಲ್ಲಿ, ಕರಿಯದು ಹೆಂಡತಿಯ ಬೆನ್ನಿನ ಮೇಲೆ. ನನ್ನ ಮೂಗಿಗೆ ಬಣ್ಣದ ಭೇದವಿರಲಿಲ್ಲ. ಜಡೆ ಬಿಚ್ಚಿ ಬಾ ಎಂದೆ, ಬಂದಳು, ಸೀನಿಲ್ಲ. ಕಟ್ಟಿಕೊಂಡು ಬಾ ಎಂದೆ, ಸೀನು. ಇನ್ನೊಮ್ಮೆ ಬಿಚ್ಚಿ ಬಾ ಎಂದಾಗ ಮಾವ, 'ಇದೇನು ಮಗ್ಗಿ ಒಪ್ಪುಸ್ತಾವ್ರಾ' ಎಂದು ಎದ್ದು ಹೊಲದ ಕಡೆ ಹೋದರು.

ಸತ್ಯ ಸಿಕ್ಕಿತು, ಆದರೆ ಅದನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ. ಅವ್ವನಿಗೆ ಸೀನು ಚೌರಿಯಿಂದ ಎಂದು ಹೇಳಿದರೆ ಕಾಲ್ಗುಣದ ಅಪವಾದ ಹೋಗಿ ಮೋಸದ ಅಪವಾದ ಬರುತ್ತದೆ. ಹೇಳದಿದ್ದರೆ ಕಾಲ್ಗುಣವೇ ಗತಿ. ಯಾವ ದಾರಿಯಲ್ಲಿ ಹೋದರೂ ದೇವೀರಮ್ಮ ಅಂತರಸಂತೆಯಲ್ಲೇ ಉಳಿಯುತ್ತಾಳೆ. ಜಡೆ ಉದ್ದವಾಗಿಯೂ ಇರಬೇಕು, ಅದರಲ್ಲಿ ಚಮರೀಮೃಗ ಇರಲೂಬಾರದು. ಹಿಂದಿರುಗುವಾಗ ಹುಣಸೂರಿನಲ್ಲಿ ಇಳಿದು, ಕಂಬಳಿ ನೇಯುವ ಮನೆಯೊಂದನ್ನು ಹುಡುಕಿಕೊಂಡು ಹೋಗಿ, ಕರೀ ಕುರಿಯ ಉಣ್ಣೆ ಕೇಳಿದೆ. ಕೊಳ್ಳುವ ಮುಂಚೆ ಪ್ರತಿಯೊಂದು ಹಿಡಿಯನ್ನೂ ಮೂಗಿಗೆ ಒತ್ತಿಕೊಂಡು ಉಸಿರೆಳೆದು ನೋಡಿದೆ. 'ಕಂಬ್ಳಿನ ಒದ್ಕೊಳ್ಳಾಕೆ ಕೊಳ್ಳೋರನ್ನ ಕಂಡಿವ್ನಿ, ಮೂಸಾಕೆ ಕೊಳ್ಳೋರನ್ನ ಇವತ್ತೇ ಕಂಡಿದ್ದು' ಎಂದ ಮನೆಯ ಯಜಮಾನ. ಮೂಗು ತಕರಾರು ಮಾಡಲಿಲ್ಲ. ಉದ್ದನೆಯ ಎಳೆಗಳನ್ನು ಆರಿಸಿ ಹುರಿಮಾಡಿಸಿಕೊಂಡು, ಮತ್ತೆ ಬಸ್ಸು ಹತ್ತಿ ಮಾವನ ಊರಿಗೆ ಹೋಗಿ ಅವಳ ಕೈಗೆ ಕೊಟ್ಟೆ. ಚೌರಿಯನ್ನು ತವರಿನಲ್ಲೇ ಬಿಡಬೇಕು, ಅದು ಮುಟ್ಟಿದ ಸೀರೆ ರವಿಕೆಗಳನ್ನೆಲ್ಲ ಉಗುರುಬೆಚ್ಚಗಿನ ನೀರಿನಲ್ಲಿ ಸೀಗೆ ಹಾಕಿ ಒಗೆಯಬೇಕು, ಬಾಚಣಿಗೆ ಹೊಸದಾಗಬೇಕು ಎಂದು ಪಾಠ ಹೇಳಿದೆ. ಅವಳು ಪಾಠವನ್ನೆಲ್ಲ ಕೇಳಿ, 'ಕುರಿ ಉಣ್ಣೆ ಕೆರೀತದೆ' ಎಂದಳು. ಒಬ್ಬರಿಗಾದರೂ ಕೆರೆಯಲೇಬೇಕಲ್ಲ ಎಂದೆ.

ಶ್ರಾವಣದಲ್ಲಿ ನಾನೇ ಹೋಗಿ, ಅವ್ವನ ಮಾತು ಮೀರಿ, ಅವಳನ್ನು ಕರೆದುಕೊಂಡು ಬಂದೆ. ಹೊಸಿಲ ಹತ್ತಿರ ಅವ್ವ ನೀರಿನ ಚೊಂಬು ಹಿಡಿದುಕೊಂಡೇ ನಿಂತಿತ್ತು. ದೇವೀರಮ್ಮ ಒಳಗೆ ಬಂದಳು. ಅವ್ವ ನನ್ನ ಮೂಗನ್ನೇ ನೋಡಿತು, ಬೀದಿಯ ಹೆಂಗಸರು ನೋಡಿದರು, ಅಪ್ಪ ಕೂಡ ನೋಡಿದರು. ಸೀನು ಬರಲಿಲ್ಲ. ಮರುದಿನವೂ ಬರಲಿಲ್ಲ. 'ಮಾರಮ್ಮಂಗೆ ಅರಕೆ ಒತ್ತಿದ್ದೆ, ತಾಯಿ ಕೈಬುಡ್ನಿಲ್ಲ' ಎಂದು ಅವ್ವ ಕಣ್ಣೊರೆಸಿಕೊಂಡು ಸೊಸೆಯ ತಲೆ ಸವರಿತು. ಮಂದಿರದಲ್ಲಿ ಮಾತ್ರ ಚಾಮರ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಒಂದು ಟವಲನ್ನು ನೆನೆಸಿ ಹಿಂಡಿ ಮೂಗು ಬಾಯಿಗೆ ಕಟ್ಟಿಕೊಂಡು, ತೋಳು ಪೂರ್ತಿ ಚಾಚಿ, ಮುಖ ಆಚೆಗೆ ತಿರುಗಿಸಿ ಬೀಸತೊಡಗಿದೆ. ದೇವರಿಗೆ ಉಸಿರು ತಾಗಬಾರದೆಂಬ ಮಡಿ ಎಂದು ಜನ ತಿಳಿದರು. ನನಗೆ ಜ್ವರ ಬಂದ ವಾರ ಚಾಮರ ಹಿಡಿದ ನನ್ನ ದಾಯಾದಿಯೂ ಒದ್ದೆ ಟವಲು ಕಟ್ಟಿಕೊಂಡೇ ಬೀಸಿದನಂತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದವನು. ಗೌರಿ ಹಬ್ಬ ಬಂತು. ಬೆಳಿಗ್ಗೆ ನಾನು ಬಾವಿಯಿಂದ ಸ್ನಾನ ಮಾಡಿ ಬಂದು ನಡುಮನೆಗೆ ಕಾಲಿಟ್ಟವನೇ ಸೀನಿದೆ. ದೇವೀರಮ್ಮ ದಿಗಿಲಿನಿಂದ ನನ್ನ ಕಡೆ ನೋಡಿದಳು. ಅವಳ ಬೆನ್ನಿನ ಮೇಲೆ ನುಣುಪಾದ, ದಪ್ಪನೆಯ, ಹೊಳೆಯುವ ಹೊಸ ಜಡೆ. ಪಕ್ಕದಲ್ಲಿ ಅವ್ವ ಕುಚ್ಚು ಕಟ್ಟುತ್ತ ಕೂತಿತ್ತು, ತೆರೆದ ಟ್ರಂಕು ಮುಂದೆ ಇತ್ತು. 'ಈ ಎಣ್ಣು ಯಾಕೋ ಒಳ್ಳೆ ಚೌರಿ ಬುಟ್ಟು ಕುರಿ ಉಣ್ಣೆ ಕಟ್ಕೊಂಡು ಕೆರ್ಕೊತಾ ಕುಂತವ್ಳೆ ಕಣ್ಲಾ. ತವರಲ್ಲಿ ಮರ್ತು ಬಂದ್ಳೇನೋ. ನಂದು ಜೋಡಿ ಐತೆ, ಒಂದು ಕೊಟ್ಟೆ' ಎಂದಿತು. ನಾನು ಬೆಪ್ಪಾಗಿ, 'ನಿಂದೂ ಐತಾ?' ಎಂದೆ. 'ಅಬ್ಬಕ್ಕೆ ಕಟ್ಕೊಳ್ದೆ ಇರ್ತಾರಾ?' ಎಂದಿತು. ಚಿಕ್ಕಂದಿನಿಂದ ಹಬ್ಬದ ದಿನಗಳಲ್ಲಿ ನಾನು ಸೀನುತ್ತಿದ್ದುದು, ಅದಕ್ಕೆ ಚೆಂಡುಹೂವನ್ನು ಬೈಯುತ್ತಿದ್ದುದು ಎಲ್ಲ ಒಟ್ಟಿಗೆ ನೆನಪಾಯಿತು. 'ಸೊಂಟದುದ್ದ ಜಡೆ ಬೇಕು ಅಂತ ನೀನೇ ಅಲ್ವಾ ಅಂದಿದ್ದು?' ಎಂದೆ. 'ಉದ್ದ ಇರ್ಬೇಕು ಅಂದಿದ್ದೆ. ಎಲ್ಲಾ ಅವ್ಳದ್ದೇ ಇರ್ಬೇಕು ಅಂತ ಏನೂ ಏಳ್ನಿಲ್ವಲ್ಲ. ಅವತ್ತು ಕೈಗೆ ತಕ್ಕೊಂಡಾಗ್ಲೇ ತಿಳೀತು, ಅಸಲಿ ಚೌರಿ, ಉಂಡುಟ್ಟು ಬಾಳೋ ಮನೆ ಅಂತ' ಎಂದಿತು.

ನಾನು ಎಲ್ಲವನ್ನೂ ಬಿಚ್ಚಿ ಹೇಳಿದೆ: ಚಾಮರ, ಡಾಕ್ಟರು, ಜಗಲಿ, ಕಂಬಳಿ ನೇಯುವವನ ಮನೆ. ಬಸ್ಸಿನಲ್ಲಿ ಅಷ್ಟು ದೂರ ಎರಡೆರಡು ಸಲ ಅಲೆದು ನಾನು ಯಾರಿಂದ ಗುಟ್ಟು ಕಾಪಾಡಿದ್ದೆನೋ ಆಕೆಗೆ ಅದು ನನಗಿಂತ ಮುಂಚೆಯೇ ಗೊತ್ತಿತ್ತು. ಅವ್ವ ಪೂರ್ತಿ ಕೇಳಿ, ಸೊಸೆಯ ಗಲ್ಲ ಮುಟ್ಟಿ ಲಟಿಕೆ ಮುರಿದು, 'ಪಾಪದ ಎಣ್ಣು, ಸುಮ್ಸುಮ್ಕೆ ಅಂದ್ಬುಟ್ಟೆ ಕಣವ್ವ' ಎಂದಿತು. ದೇವೀರಮ್ಮ ಅತ್ತಳು, ಅವ್ವನೂ ಅತ್ತಿತು. ನನ್ನ ಕಣ್ಣಲ್ಲೂ ನೀರಿತ್ತು, ಚೌರಿಯದೋ ಮನಸ್ಸಿನದೋ ಹೇಳಲಾರೆ. ಇನ್ನು ಆ ಚೌರಿಗಳನ್ನು ಟ್ರಂಕಿಗೆ ಹಾಕಿ ಬೀಗ ಹಾಕುತ್ತಾರೆಂದು ಕಾದೆ. ಅವ್ವ ನನ್ನ ಕಡೆ ತಿರುಗಿ, 'ಅಬ್ಬದ ದಿನ ಎಂಗುಸ್ರು ಜಡೆ ಬುಡಕಾಯ್ತದಾ? ಆಗಾಕಿಲ್ಲ ಅಂದೋನು ನೀನು. ನೀನೇ ಆಚೆ ಕುಂತ್ಕೊ' ಎಂದಿತು. ಯಾವುದು ಒಗ್ಗದೋ ಅದರಿಂದ ದೂರ ಇರಬೇಕೆಂದು ಡಾಕ್ಟರೂ ಹೇಳಿದ್ದರು. ಎದ್ದು ಆಚೆ ಹೋದೆ.

ಅಂದಿನಿಂದ ಹಬ್ಬವೆಂದರೆ ನನ್ನ ಎಲೆ ಜಗಲಿಯ ಮೇಲೆ. ಒಳಗೆ ಅತ್ತೆ ಸೊಸೆಯರು ಒಂದೇ ಮೃಗದ ಬಾಲವನ್ನು ಹಂಚಿಕೊಂಡು, ಅಕ್ಕತಂಗಿಯರ ಹಾಗೆ ನಗುತ್ತ ಒಬ್ಬಟ್ಟು ತಟ್ಟುತ್ತಿರುತ್ತಾರೆ. ಬೀದಿಯಲ್ಲಿ ಹೋಗುವವರು, 'ಯಾಕೆ ಮೇಷ್ಟ್ರೇ, ಆಚೆ ಹಾಕ್ಬುಟ್ರಾ?' ಎಂದು ವಿಚಾರಿಸುತ್ತಾರೆ. ತುಪ್ಪ ಬಡಿಸಲು ದೇವೀರಮ್ಮ ಬರುತ್ತಾಳೆ. ಒಂದು ಕೈಯಲ್ಲಿ ಜಡೆಯನ್ನು ಬೆನ್ನಿನ ಹಿಂದಕ್ಕೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗಿಂಡಿ ಬಗ್ಗಿಸುತ್ತಾಳೆ. ನಾನು ಉಸಿರು ಬಿಗಿಹಿಡಿದು ಅವಳ ಮುಖ ನೋಡುತ್ತೇನೆ, ಅವಳು ನನ್ನ ಮುಖ ನೋಡುತ್ತಾಳೆ, ಅಷ್ಟರಲ್ಲಿ ಒಂದು ಸೀನು ಬಂದೇ ಬರುತ್ತದೆ. 'ಒಂಟಿ ಆಯ್ತಲ್ಲ ಮಗ, ಅಬ್ಬದ ದಿನ. ಇನ್ನೊಂದು ಸೀನ್ಬುಡು' ಎಂದು ಒಳಗಿನಿಂದ ಅವ್ವ ಕೂಗುತ್ತದೆ. ಕಡ್ಡಿ ಸೀನು ಈಗ ಲೆಕ್ಕಕ್ಕುಂಟಂತೆ. ಸೀನು ಮೂಗಿನ ವ್ಯವಹಾರವೆಂದು ಸಾಧಿಸಿ ತೋರಿಸಿದ ನಾನು, ಮೇಲೆ ಕೈಚಾಚಿ, ಸೂರಿನಲ್ಲಿ ಸಿಕ್ಕಿಸಿಟ್ಟಿರುವ ಹುಲ್ಲುಕಡ್ಡಿಯನ್ನು ಎಳೆದುಕೊಳ್ಳುತ್ತೇನೆ.